ಕೈದಾಳದ ಕೈ, ಕೋಲಾರದ ಉಸಿರು

ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಹೊರಟವರಿಗೆ ಗೂಳೂರಿನ ಸಮೀಪದಲ್ಲಿ ಕೈದಾಳವೆಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿಯ ಚೆನ್ನಕೇಶವ ದೇವಾಲಯದ ಕಥೆಯನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಜ್ಜಿಯ ಮಡಿಲಲ್ಲಿಯೇ ಕೇಳಿ ಬೆಳೆದಿರುತ್ತಾರೆ. ಶಿಲ್ಪಿ ಜಕಣಾಚಾರಿ ಬೇಲೂರಿನಲ್ಲಿ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ತರುಣನೊಬ್ಬನು ಹೇಳಿದನು. ದೋಷವನ್ನು ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣಾಚಾರಿ ಪಣ ತೊಟ್ಟನು. ಗಂಧವನ್ನು ಬಳಿದು ನೋಡಿದಾಗ ನಾಭಿಯ ಬಳಿಯ ಗಂಧ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯನ್ನಿಟ್ಟರೆ ಕಲ್ಲಿನೊಳಗಿನಿಂದ ಕಪ್ಪೆ ಹೊರಬಿತ್ತು. ಶಿಲ್ಪಿ ಮಾತಿಗೆ ತಪ್ಪದೆ ಕೈ ಕಡಿದುಕೊಂಡನು. ಆ ತರುಣನೇ ತನ್ನ ಮಗ ಡಂಕಣನೆಂದು ಆಮೇಲೆ ತಿಳಿಯಿತು. ಮುಂದೆ ಹುಟ್ಟೂರಾದ ಕ್ರೀಡಾಪುರದಲ್ಲಿ ಗುಡಿ ಕಟ್ಟೆಂದು ಕೇಶವನ ಅಪ್ಪಣೆಯಾಯಿತು. ಕಟ್ಟಿ ಮುಗಿಸಿದಾಗ ಹೋದ ಕೈ ಹಿಂದಕ್ಕೆ ಬಂದಿತು. ಕ್ರೀಡಾಪುರ ಕೈದಾಳವಾಯಿತು.

ಇತಿಹಾಸಜ್ಞರು ಈ ಕಥೆಯನ್ನು ಒಪ್ಪುವುದಿಲ್ಲ. ಕೈದಾಳದ ಗುಡಿಗಳನ್ನು ೧೧೫೦ರ ಸುಮಾರಿನಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಗೂಳಿ ಬಾಚಿಯೆಂಬ ಸಾಮಂತನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಜಕಣಾಚಾರಿಯೆಂಬ ವ್ಯಕ್ತಿ ಇದ್ದನೇ ಎಂಬುದೇ ಸಂದೇಹ. ಇರಲಿ. ಕಥೆ ನಿಜವಲ್ಲದಿದ್ದರೂ ಕಥೆಯನ್ನು ಕಟ್ಟಿದ ಜನರ ಆಸೆ ಸುಳ್ಳಲ್ಲ. ಕೆಲಸದಲ್ಲಿ ಕಳೆದುಕೊಂಡ ಅಂಗವನ್ನು ಕೆಲಸ ಮಾಡಿಸಿಕೊಂಡ ಧಣಿಯೇ ಹಿಂದಕ್ಕೆ ಕೊಡಬೇಕು ಎಂಬುದು ಆ ಆಸೆ. ಇಲ್ಲಿ ಧಣಿ ದೇವರಾದ್ದರಿಂದ ಕೈಯನ್ನೇ ಕೊಟ್ಟನು. ಮನುಷ್ಯನಾದ ಧಣಿ ಕೈಯನ್ನು ಕೊಡಲಾರ. ಅದಕ್ಕೆ ಬದಲಾಗಿ ಏನನ್ನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಗೊತ್ತುಮಾಡಲು ಲೋಕಕ್ಕೆ ಕಾಯಿದೆಗಳು ಬೇಕಾದುವು.

ಹೋದ ಕೈ ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾವ ದಿನ, ಯಾವ ಗಳಿಗೆಯಲ್ಲಿ ಹೋಯಿತೆಂದು ಸಾಕ್ಷಿ ಹೇಳುವವರಿರುತ್ತಾರೆ. ಆದರೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಗುಟುಕು ಗುಟುಕಾಗಿ ಹೋದ ಉಸಿರಿಗೆ ಸಾಕ್ಷಿ ಹೇಳುವವರು ಯಾರು? ಈ ಪ್ರಶ್ನೆಯನ್ನು ನಾನು ಪುಸ್ತಕದಲ್ಲಿ ಕಲಿತವನಲ್ಲ. ಒಂದು ರಜಾ ಅರ್ಜಿ ಕಲಿಸಿತು.

ಮೂರು ಅರ್ಜಿಗಳು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ಎರಡನೆಯ ವರ್ಷದ ಬಿ.ಎ. ತರಗತಿಯ ಹುಡುಗನೊಬ್ಬನು, ತಂದೆಗೆ ಟಿ.ಬಿ. ಮರುಕಳಿಸಿರುವುದರಿಂದ ನಾಲ್ಕು ದಿನ ರಜೆ ಬೇಕೆಂದು ಬರೆದುಕೊಟ್ಟನು. 'ಮರುಕಳಿಸಿ' ಎಂಬಲ್ಲಿ ಳಕಾರಕ್ಕೆ ಬದಲು ಲಕಾರ ಬರೆದಿದ್ದನು. ನಾನು ಅದನ್ನು ಕೆಂಪು ಮಸಿಯಲ್ಲಿ ತಿದ್ದಿ ರುಜು ಹಾಕಿದೆ. ಎರಡು ತಿಂಗಳ ತರುವಾಯ ಅದೇ ಕಾರಣದ ಮತ್ತೊಂದು ಅರ್ಜಿ. ಈ ಸಲ ಕಾಗುಣಿತ ಸರಿಯಾಗಿತ್ತು. ತೃಪ್ತಿಯಿಂದಲೇ ರುಜು ಹಾಕಿದೆ. ಮೂರನೆಯ ಅರ್ಜಿ ಬಂದಾಗ ಮಾತ್ರ ಮನಸ್ಸು ಕುಟುಕಿತು. ಎರಡು ಸಲ ಅರ್ಜಿಯ ಭಾಷೆಯನ್ನು ನೋಡಿದ್ದೆನೇ ಹೊರತು ಅದು ಹೇಳುತ್ತಿದ್ದ ಸಂಗತಿಯನ್ನು ನೋಡಿರಲಿಲ್ಲ.

ಅವನ ಮನೆ ಸತ್ಯಮಂಗಲದಲ್ಲಿ. ತುಮಕೂರು ನಗರದ ಸೆರಗಿನಲ್ಲಿರುವ ಈ ಹಳ್ಳಿಯ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಅಲ್ಲಿಯ ಕೈಗಾರಿಕಾ ಪ್ರದೇಶದಿಂದ. ನಾನೂ ಅಲ್ಲಿಗೆ ಸಮೀಪದಲ್ಲಿಯೇ ವಾಸಿಸುವವನಾದ್ದರಿಂದ ಸಂಜೆ ನಡೆದೇ ಹೋದೆ. ಹುಡುಗನ ತಂದೆ ಗೋಡೆಗೆ ದಿಂಬು ಒರಗಿಸಿಕೊಂಡು ಕುಳಿತಿದ್ದರು. ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ನೋಡಿದರೆ ಅರವತ್ತು ದಾಟಿದಂತೆ ಕಾಣುತ್ತಿದ್ದರು.

"ಬನ್ನಿ ಮೇಷ್ಟ್ರೇ, ಕೂತ್ಕಳಿ" ಎಂದರು. ಅಷ್ಟು ಹೇಳಿ ಉಸಿರಿಗಾಗಿ ನಿಲ್ಲಿಸಿದರು.

ಮಾತು ಸ್ವಲ್ಪ ಮುಂದುವರಿದ ಮೇಲೆ, "ನೀವು ಯಾವ ಕೆಲಸದಲ್ಲಿದ್ದಿರಿ?" ಎಂದು ಕೇಳಿದೆ.

"ಕಲ್ಲು ಕುಯ್ಯೋ ಫ್ಯಾಕ್ಟ್ರಿ ಸಾ. ಹದಿನಾರು ವರ್ಸ. ಮೊದ್ಲು ಕೊರೆಯೋದು, ಆಮ್ಯಾಕೆ ಪಾಲಿಸ್ ಹೊಡೆಯೋದು. ಮೂರು ದಪ ಟಿ.ಬಿ. ಮಾತ್ರೆ ನುಂಗಿದೀನಿ. ಕಫ ನೋಡಿದ್ರೆ ಏನೂ ಇಲ್ಲ ಅಂತಾರೆ. ಮಾತ್ರೆ ಮಾತ್ರ ಕೊಡ್ತಾರೆ."

ಒಳಗಿನಿಂದ ಅವರ ಹೆಂಡತಿ ಹೇಳಿದರು: "ಕೆಲ್ಸದಿಂದ ಬಂದ್ರೆ ಹುಬ್ಬು, ರೆಪ್ಪೆ ಎಲ್ಲಾ ಬೂದಿ ಬಳ್ದಂಗೆ ಬೆಳ್ಳಗಿರೋವು ಸಾ. ಮಗೀಗೆ ಗುರ್ತೇ ಸಿಕ್ತಿರಲಿಲ್ಲ."

ಕೆಲಸಕ್ಕೆ ಹೋಗಲಾರದಂತಾದಾಗ ಮಾಲೀಕರು ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟು, 'ಇನ್ನು ಯಾವ ಬಾಕಿಯೂ ಇಲ್ಲ' ಎಂಬ ಕಾಗದಕ್ಕೆ ರುಜು ಹಾಕಿಸಿಕೊಂಡಿದ್ದರಂತೆ. ಆ ಮನೆಯಲ್ಲಿ ಆ ಹಣವನ್ನು ಮಾಲೀಕರ ಔದಾರ್ಯವೆಂದೇ ನೆನೆಯುತ್ತಿದ್ದರು. ನಾನೂ ಅಂದು ಹಾಗೆಯೇ ತಿಳಿದು ಹಿಂದಿರುಗಿದೆನೆಂದು ಒಪ್ಪಿಕೊಳ್ಳುವುದು ನ್ಯಾಯ. ಎಂ.ಎ. ಓದಿದ ನನಗೂ, ಮೂರನೆಯ ತರಗತಿಗೆ ಶಾಲೆ ಬಿಟ್ಟ ಅವರಿಗೂ ಈ ವಿಷಯದಲ್ಲಿ ಇದ್ದ ತಿಳಿವಳಿಕೆ ಒಂದೇ ಮಟ್ಟದ್ದು.

ಮುಂದೆ ಪರಿಚಯಸ್ಥರೊಬ್ಬರ ಸಹಾಯದಿಂದ ಅವರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿಯ ವೈದ್ಯರು ಎದೆಗೆ ಕೊಳವೆ ಇಡುವ ಮೊದಲೇ ಕೇಳಿದ ಪ್ರಶ್ನೆ ಒಂದೇ: "ಏನು ಕೆಲಸ ಮಾಡುತ್ತಿದ್ದಿರಿ?" ಉತ್ತರ ಕೇಳಿ, ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, ಇದು ಸಿಲಿಕೋಸಿಸ್ ಎಂದರು. ಆರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳಿದ ಮೊದಲಿಗರು ಅವರು.

ಕಲ್ಲು ಮಾಡುವ ಕೆಲಸ

ನಮ್ಮ ಜಿಲ್ಲೆಯಲ್ಲಿ ಬೆಣಚುಕಲ್ಲನ್ನು ಕಾಣದವರಿಲ್ಲ. ಬಿಳಿದಾಗಿ, ಬೆಳಕಿಗೆ ಮಿನುಗುವ ಆ ಕಲ್ಲಿನ ದ್ರವ್ಯಕ್ಕೆ ಸಿಲಿಕಾ ಎಂದು ಹೆಸರು. ಗ್ರಾನೈಟ್ ಕಲ್ಲಿನಲ್ಲಿ ಐದರಲ್ಲಿ ಒಂದು ಪಾಲಿಗೂ ಮಿಕ್ಕು ಬೆಣಚು ಬೆರೆತಿರುತ್ತದೆ. ಇಂತಹ ಕಲ್ಲನ್ನು ಕೊರೆಯುವಾಗ, ಕುಯ್ಯುವಾಗ, ಉಜ್ಜುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಅಷ್ಟೇನೂ ಕೇಡಿನದಲ್ಲ. ಅದನ್ನು ಮೂಗು, ಗಂಟಲುಗಳು ತಡೆದು ಹೊರಹಾಕುತ್ತವೆ. ಕೇಡು ಮಾಡುವುದು ಕಣ್ಣಿಗೆ ಕಾಣದ ಕಣ. ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗಕ್ಕಿಂತಲೂ ಸಣ್ಣದಾದ ಈ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನವರೆಗೂ ಇಳಿಯುತ್ತವೆ. ದೇಹದ ಕಾವಲು ಜೀವಕಣಗಳು ಇವನ್ನು ನುಂಗುತ್ತವೆ. ನುಂಗಿ ತಾವೇ ಸಾಯುತ್ತವೆ. ಸತ್ತ ಕಣದಿಂದ ಕಲ್ಲಿನ ಕಣ ಬಿಡುಗಡೆಯಾಗಿ ಮತ್ತೊಂದು ಕಾವಲುಕಣವನ್ನು ಕೊಲ್ಲುತ್ತದೆ. ಹೀಗೆ ಸತ್ತೆಡೆಯಲ್ಲೆಲ್ಲ ಗಾಯದ ಕಲೆಯಂತೆ ಗಟ್ಟಿ ಗಂಟುಗಳಾಗಿ, ಮೃದುವಾಗಿ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಬಿರುಸಾಗುತ್ತದೆ.

ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಮೀರಿ ಧೂಳು ಕುಡಿದವರಲ್ಲಿ ಈ ರೋಗ ಕಾಣುತ್ತದೆ; ಧೂಳು ವಿಪರೀತವಾದರೆ ಕೆಲವೇ ವರ್ಷ, ಕೆಲವೊಮ್ಮೆ ತಿಂಗಳುಗಳೂ ಸಾಕು. ಕೆಲಸ ಬಿಟ್ಟರೂ ರೋಗ ಬಿಡುವುದಿಲ್ಲ. ಗುಣಪಡಿಸುವ ಔಷಧವಿಲ್ಲ. ಇದರ ಮೇಲೆ, ಸಿಲಿಕಾ ಕುಳಿತ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಅಂಟುತ್ತದೆ. ಎರಡು ರೋಗಗಳ ಕೆಮ್ಮೂ ಒಂದೇ, ಸವೆತವೂ ಒಂದೇ ಬಗೆಯಾದ್ದರಿಂದ ಒಂದನ್ನು ಮತ್ತೊಂದೆಂದು ತಿಳಿಯುವುದು ಸುಲಭ. ಹಾಗೆ ತಿಳಿದಾಗ ಚಿಕಿತ್ಸೆ ತಪ್ಪುವುದಷ್ಟೇ ಅಲ್ಲ, ಹಕ್ಕೂ ತಪ್ಪುತ್ತದೆ. ಏಕೆಂದರೆ ಕ್ಷಯ ಯಾರಿಗೆ ಬೇಕಾದರೂ ಬರಬಹುದು. ಸಿಲಿಕೋಸಿಸ್ ಬರುವುದು ಕೆಲಸದಿಂದ ಮಾತ್ರ ಎನ್ನಬಹುದು.

ಒಂದು ವಿಚಾರ ಇಲ್ಲಿ ಹೇಳತಕ್ಕದ್ದುಂಟು. ಹೊಯ್ಸಳ ಶಿಲ್ಪಿಗಳು ಬೇಲೂರು ಹಳೇಬೀಡುಗಳಲ್ಲಿ ಬಳಸಿದ್ದು ಬಳಪದ ಕಲ್ಲು. ಅದು ಮೃದು, ಬೆಣಚಿನ ಅಂಶ ಅದರಲ್ಲಿ ತೀರ ಕಡಮೆ. ಕೈಯುಳಿಯಿಂದ ಬಯಲಿನಲ್ಲಿ ಕಡೆದಾಗ ಏಳುವ ಧೂಳೂ ಅಲ್ಪ. ಆ ಧೂಳು ಪೂರ್ತಿ ನಿರಪಾಯವೆಂದಲ್ಲ. ಆದರೆ ಗ್ರಾನೈಟನ್ನು ಯಂತ್ರದಿಂದ ಕುಯ್ಯುವ ಮುಚ್ಚಿದ ಷೆಡ್ಡಿನ ಗಾಳಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಕಲ್ಲಿನ ಕೆಲಸ ಹಳೆಯದು. ಈ ಪ್ರಮಾಣದ ಕೇಡು ಯಂತ್ರದ ಕಾಲದ್ದು.

ಕೋಲಾರ ಕೊಟ್ಟ ಲೆಕ್ಕ

ಭಾರತದಲ್ಲಿ ಈ ರೋಗ ಮೊದಲು ವರದಿಯಾದುದು ನಮ್ಮ ನಾಡಿನಲ್ಲಿಯೇ, ಕೋಲಾರದ ಚಿನ್ನದ ಗಣಿಗಳಲ್ಲಿ, ಎಂಬುದು ಅನೇಕ ವಾಚಕರಿಗೆ ತಿಳಿಯದಿರಬಹುದು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಗಣಿ ಆರಂಭಿಸಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿ ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ಇವೆಲ್ಲವನ್ನೂ ನಾವು ಹೆಮ್ಮೆಯಿಂದ ಪಠ್ಯಪುಸ್ತಕಗಳಲ್ಲಿ ಓದಿಸುತ್ತೇವೆ. ಆದರೆ ಕೋಲಾರದ ಚಿನ್ನ ಬಿಡಿಬಿಡಿಯಾಗಿ ದೊರೆಯುವುದಲ್ಲ; ಬೆಣಚಿನ ಸಿರದಲ್ಲಿ ಹುದುಗಿರುವುದು. ಚಿನ್ನ ಬೇಕಾದರೆ ಬೆಣಚನ್ನು ಕೊರೆಯಬೇಕು, ಸಿಡಿಸಬೇಕು, ಪುಡಿಮಾಡಬೇಕು. ಚಿನ್ನ ಮೇಲಕ್ಕೆ ಬಂದಿತು. ಬೆಣಚಿನ ಪುಡಿ ಕೆಳಗೆ ಮನುಷ್ಯರ ಎದೆಯಲ್ಲಿ ಉಳಿಯಿತು.

೧೯೪೦ರಿಂದ ೧೯೪೬ರವರೆಗೆ ಆ ಗಣಿಗಳ ೭,೬೫೩ ಕೆಲಸಗಾರರನ್ನು ಪರೀಕ್ಷಿಸಿದರು. ಅವರಲ್ಲಿ ಶೇಕಡ ೪೩.೭ ಮಂದಿಗೆ ಸಿಲಿಕೋಸಿಸ್ ಇದ್ದಿತು. ೧೯೪೭ರಲ್ಲಿ ಇದು ಲೋಕಕ್ಕೆ ತಿಳಿಯಿತು. ನೂರು ಜನ ಸಾಲಾಗಿ ನಿಂತರೆ ನಲವತ್ತನಾಲ್ಕು ಜನ. ಪಂಜರದಲ್ಲಿ ಕೆಳಗಿಳಿಯುವ ಪ್ರತಿಯೊಂದು ತಂಡದಲ್ಲಿಯೂ ಅರ್ಧಕ್ಕೆ ತುಸು ಕಡಮೆ. ಗಣಿ ಆರಂಭವಾದ ವರ್ಷಕ್ಕೂ ಈ ಲೆಕ್ಕ ಹೊರಬಂದ ವರ್ಷಕ್ಕೂ ನಡುವೆ ಅರವತ್ತೇಳು ವರ್ಷಗಳ ಅಂತರ. ಅಷ್ಟರಲ್ಲಿ ಎಷ್ಟು ತಲೆಮಾರಿನ ಗಣಿಗಾರರು ದಮ್ಮು, ಕ್ಷಯ, ಹಣೆಬರಹ ಎಂಬ ಹೆಸರುಗಳಲ್ಲಿ ಮಣ್ಣಾದರೋ!

ಆ ಕಾಲದಲ್ಲಿ ಈ ರೋಗ ಅಜ್ಞಾತವಾಗಿತ್ತೆಂದು ಹೇಳುವಂತಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಇದಕ್ಕೆ ಪರಿಹಾರ ಕೊಡುವ ಕಾನೂನು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಬಂದಿತ್ತು. ೧೯೩೦ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದೊಂದೇ ರೋಗದ ವಿಚಾರಕ್ಕಾಗಿ ಜೋಹಾನ್ಸ್‌ಬರ್ಗಿನಲ್ಲಿ ಸಮ್ಮೇಳನ ನಡೆಸಿತ್ತು. ಧೂಳನ್ನು ನೀರಿನಿಂದ ಅಡಗಿಸುತ್ತ ಕೊರೆಯುವ ಕ್ರಮವೂ ತಿಳಿದಿತ್ತು. ಲೋಕದ ಅರಿವು ಸಾಮಾನ್ಯ ಕೂಲಿಯ ಮನೆ ಬಾಗಿಲಿಗೆ ಬರುವುದು ಯಾವಾಗಲೂ ತಡವೇ.

ಕೋಲಾರದ ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರದ ವಶಕ್ಕೆ, ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದು, ೨೦೦೧ರಲ್ಲಿ ಮುಚ್ಚಿದುವು. ಗಣಿ ಮುಚ್ಚಿದರೂ ಎದೆಯೊಳಗಿನ ಧೂಳು ಅಲ್ಲಿಯೇ ಉಳಿಯಿತು.

'ಭಾವಿಸತಕ್ಕದ್ದು' ಎಂಬ ಮಾತು

ಕೆಲಸದಿಂದ ಬರುವ ರೋಗಕ್ಕೂ ಕೆಲಸ ಕೊಟ್ಟವನಿಗೂ ಸಂಬಂಧವುಂಟೆಂದು ಕಾನೂನು ಒಪ್ಪಿದ ಬಗೆ ಕುತೂಹಲಕರವಾದುದು. ಇಂಗ್ಲೆಂಡಿನ ೧೮೯೭ರ ಕಾಯಿದೆ ಅಪಘಾತಕ್ಕೆ ಮಾತ್ರ ಪರಿಹಾರ ಕೊಡಿಸಿತು. ೧೯೦೬ರಲ್ಲಿ ಸೀಸ, ಪಾದರಸ ಮೊದಲಾದ ವಿಷಗಳಿಂದಾಗುವವೂ ಸೇರಿ ಆರು ರೋಗಗಳಿಗೆ ಅದನ್ನು ವಿಸ್ತರಿಸಿದರು. ಭಾರತದ ಕೆಲಸಗಾರರ ಪರಿಹಾರ ಕಾಯಿದೆ ೧೯೨೩ರಲ್ಲಿ ಹುಟ್ಟಿ, ೧೯೨೪ರ ಜುಲೈ ೧ರಿಂದ ಜಾರಿಗೆ ಬಂದಿತು. ೧೯೨೫ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪಟ್ಟಿಯಲ್ಲಿ ಇದ್ದುದು ಮೂರೇ ರೋಗ: ಸೀಸದ ವಿಷ, ಪಾದರಸದ ವಿಷ, ಆಂತ್ರಾಕ್ಸ್. ಭಾರತ ಅದನ್ನು ೧೯೨೭ರಲ್ಲಿ ಒಪ್ಪಿಕೊಂಡಿತು. ಪಟ್ಟಿ ಕಾಲಕಾಲಕ್ಕೆ ಬೆಳೆಯಿತು. ಹತ್ತಿಯ ಧೂಳು, ಕಬ್ಬಿನ ಸಿಪ್ಪೆಯ ಧೂಳು, ಕಲ್ನಾರು, ಕೀಟನಾಶಕಗಳ ವಿಷ, ಯಂತ್ರದ ಸದ್ದಿನಿಂದಾಗುವ ಕಿವುಡು ಎಲ್ಲವೂ ಸೇರಿದುವು. ಸಿಲಿಕೋಸಿಸ್, ಮತ್ತು ಅದರೊಡನೆ ಕ್ಷಯವೂ ಕೂಡಿದ ರೋಗ, ಮೂರನೆಯ ಅನುಸೂಚಿಯ 'ಸಿ' ಭಾಗದಲ್ಲಿ ಬಂದುವು.

ಈ ಕಾಯಿದೆಯ ಜಾಣ್ಮೆಯೆಲ್ಲ ಒಂದು ಕ್ರಿಯಾಪದದಲ್ಲಿದೆ. ಪಟ್ಟಿಯಲ್ಲಿರುವ ರೋಗವು ಅದಕ್ಕೆ ತಕ್ಕ ಉದ್ಯೋಗದಲ್ಲಿದ್ದವನಿಗೆ ಬಂದರೆ, ಅದನ್ನು ಅಪಘಾತದಿಂದಾದ ಗಾಯವೆಂದು 'ಭಾವಿಸತಕ್ಕದ್ದು'. ಅಲಂಕಾರಶಾಸ್ತ್ರ ಪಾಠ ಹೇಳುವವನಿಗೆ ಇದನ್ನು ಕಂಡರೆ ಸಂತೋಷವಾಗುತ್ತದೆ. ಕೆಮ್ಮು ಕೈ ಮುರಿದಂತೆ ಎಂದರೆ ಉಪಮೆ. ಕೆಮ್ಮೇ ಕೈ ಮುರಿತ ಎಂದರೆ ರೂಪಕ. ಕಾನೂನು ಇಲ್ಲಿ ರೂಪಕವನ್ನು ಆರಿಸಿಕೊಂಡಿದೆ. ದಿನವಿಲ್ಲದ ಅಪಘಾತಕ್ಕೆ ದಿನವನ್ನೂ ಗೊತ್ತುಮಾಡಿತು: ರೋಗದಿಂದಾಗಿ ಕೆಲಸಗಾರನು ಸತತವಾಗಿ ಗೈರುಹಾಜರಾದ ಮೊದಲನೆಯ ದಿನವೇ ಅಪಘಾತದ ದಿನ. ಕವಿಯ ರೂಪಕ ಆನಂದಕ್ಕೆ. ಈ ರೂಪಕದಿಂದ ಒಂದು ಸಂಸಾರಕ್ಕೆ ಅನ್ನ.

೧೯೨೩ರ ಕಾಯಿದೆ ಈಗ ಪ್ರತ್ಯೇಕವಾಗಿ ಉಳಿದಿಲ್ಲ. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದು, ಹಳೆಯ ಕಾಯಿದೆಯ ಸಾರವನ್ನು ತನ್ನ ಏಳನೆಯ ಅಧ್ಯಾಯದಲ್ಲಿ ಸೇರಿಸಿಕೊಂಡಿದೆ. ರೋಗಗಳ ಪಟ್ಟಿ ಅಲ್ಲಿಯೂ ಮೂರನೆಯ ಅನುಸೂಚಿಯಲ್ಲಿಯೇ ಉಂಟು. ಕೆಲಸಗಾರನು ರಾಜ್ಯ ವಿಮಾ ಯೋಜನೆಗೆ, ಎಂದರೆ ಇ.ಎಸ್.ಐ.ಗೆ, ಸೇರಿದ್ದರೆ ಪರಿಹಾರ ಕೊಡತಕ್ಕದ್ದು ಆ ನಿಗಮ. ಅಂಗವಿಕಲತೆಗೆ ಅದು ಸರಾಸರಿ ದಿನಗೂಲಿಯ ಶೇಕಡ ೯೦ರ ದರದ ಮೇಲೆ ಲೆಕ್ಕ ಹಾಕುತ್ತದೆ. ಸೇರಿಲ್ಲದಿದ್ದರೆ ಮಾಲೀಕನೇ ಹೊಣೆ. ಗುತ್ತಿಗೆದಾರನ ಮೂಲಕ ಬಂದವನೆಂದು ಹೇಳಿ ಮುಖ್ಯ ಮಾಲೀಕನು ಜಾರಿಕೊಳ್ಳುವಂತಿಲ್ಲ; ಮೊದಲು ತಾನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು.

ಪರಿಹಾರವೆಂದರೆ ಎಷ್ಟು? ಸಂಪೂರ್ಣ ಶಾಶ್ವತ ಅಸಾಮರ್ಥ್ಯವಾದರೆ ತಿಂಗಳ ಕೂಲಿಯ ಶೇಕಡ ೬೦ನ್ನು, ಮರಣವಾದರೆ ಶೇಕಡ ೫೦ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು. ಲೆಕ್ಕಕ್ಕೆ ಹಿಡಿಯತಕ್ಕ ಕೂಲಿಯ ಮಿತಿಯನ್ನು ೨೦೨೦ರ ಜನವರಿಯಲ್ಲಿ ೮,೦೦೦ದಿಂದ ೧೫,೦೦೦ ರೂಪಾಯಿಗೆ ಏರಿಸಿದರು. ೪೫ ವರ್ಷದವನಿಗೆ ಗುಣಕ ೧೬೯.೪೪. ನಮ್ಮ ಹುಡುಗನ ತಂದೆಯ ಕೂಲಿ ಹದಿನೈದು ಸಾವಿರ, ವಯಸ್ಸು ನಲವತ್ತೈದು. ೯,೦೦೦ವನ್ನು ೧೬೯.೪೪ರಿಂದ ಗುಣಿಸಿದರೆ ೧೫,೨೪,೯೬೦ ರೂಪಾಯಿ. ಅಸಾಮರ್ಥ್ಯ ಸಂಪೂರ್ಣವೋ ಭಾಗಶಃವೋ ಎಂಬುದನ್ನು ವೈದ್ಯರು ಹೇಳಬೇಕು. ಅದಕ್ಕೆ ತಕ್ಕಂತೆ ಮೊತ್ತ ಇಳಿಯಬಹುದು. ಆದರೂ ಇಪ್ಪತ್ತೈದು ಸಾವಿರದ ಔದಾರ್ಯ ಯಾವುದರ ಪಕ್ಕದಲ್ಲಿ ಕುಳಿತಿತ್ತೆಂಬುದು ಆ ರಾತ್ರಿ ನನ್ನ ಮೇಜಿನ ಮೇಲೆ, ಪರೀಕ್ಷೆಯ ಉತ್ತರ ಪತ್ರಿಕೆಗಳ ನಡುವೆ ಗುಣಾಕಾರ ಮಾಡಿದಾಗ ತಿಳಿಯಿತು.

ರುಜು ಹಾಕಿದ ಕಾಗದದ ಗತಿಯೇನು? ೧೯೨೩ರ ಕಾಯಿದೆಯ ೧೭ನೆಯ ಕಲಮು ಸ್ಪಷ್ಟವಾಗಿ ಹೇಳಿತ್ತು: ಕೆಲಸಗಾರನು ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಅಷ್ಟರಮಟ್ಟಿಗೆ ಅಸಿಂಧು. ಹಸಿದವನ ರುಜುವನ್ನು ಕಾನೂನು ನಂಬುವುದಿಲ್ಲ. ನಮ್ಮಲ್ಲಿ ಈ ಮಾತು ಎಷ್ಟು ಜನಕ್ಕೆ ಗೊತ್ತು?

ಒಂದು ಪ್ರಶ್ನೆ

ಹಕ್ಕು ಕಾಗದದ ಮೇಲಿದೆ. ಅದು ಕೈಗೆ ಬಾರದಿರುವುದಕ್ಕೆ ಕಾರಣಗಳು ಹಲವು. ಕೆಲಸಗಾರನ ಬಳಿ ನೇಮಕದ ಪತ್ರವಿಲ್ಲ, ಕೂಲಿಯ ಚೀಟಿಯಿಲ್ಲ, ಹಾಜರಿಯ ಪುಸ್ತಕದಲ್ಲಿ ಹೆಸರಿಲ್ಲ. ಹತ್ತು ವರ್ಷದಲ್ಲಿ ಐದು ಕಡೆ ದುಡಿದಿರುತ್ತಾನೆ. ಯಾರ ಧೂಳು ಎದೆಯಲ್ಲಿ ಎಷ್ಟಿದೆಯೆಂದು ಅಳೆಯುವವರಿಲ್ಲ. ಹಲವು ಮಾಲೀಕರಿದ್ದಲ್ಲಿ ಹೊಣೆಯನ್ನು ಅವರಲ್ಲಿ ಹಂಚಲು ಕಾಯಿದೆಯಲ್ಲಿ ಅವಕಾಶವಿದೆಯೆಂಬುದೂ ಅವನಿಗೆ ತಿಳಿಯದು. ಅರ್ಜಿ ಹಾಕಲು ಎರಡು ವರ್ಷದ ಗಡುವು. ಸಾಕಷ್ಟು ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರವುಂಟು. ಆದರೆ ರೋಗದ ನಿಜವಾದ ಹೆಸರು ತಿಳಿಯುವುದಕ್ಕೇ ಆರು ವರ್ಷ ಹಿಡಿದವನು ಗಡುವನ್ನು ಎಲ್ಲಿಂದ ಎಣಿಸಬೇಕು?

ಆದುದರಿಂದ ಎಲ್ಲವೂ ಮೊದಲನೆಯ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಇಟಲಿಯ ವೈದ್ಯ ರಾಮಾಜಿನಿ ೧೭೦೦ರಲ್ಲಿ ಕಸಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದನು. ಗಣಿಗಾರರು, ಕುಂಬಾರರು, ಕಲ್ಲುಕುಟಿಗರು, ಅಗಸರು, ಕಡೆಗೆ ವಿದ್ವಾಂಸರ ಬೇನೆಗಳೂ ಅದರಲ್ಲಿವೆ. ವೈದ್ಯನಾದವನು ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು, ಎಂದರೆ ಉದ್ಯೋಗ ಯಾವುದೆಂಬುದನ್ನು, ಸೇರಿಸಿಕೊಳ್ಳಬೇಕೆಂದು ಅವನು ಹೇಳಿದನು. ಮುನ್ನೂರು ವರ್ಷಗಳು ಕಳೆದರೂ ನಮ್ಮ ಅದೆಷ್ಟೋ ಚಿಕಿತ್ಸಾಲಯಗಳ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಇರುತ್ತವೆ, ಉದ್ಯೋಗಕ್ಕೆ ಸ್ಥಳವಿರುವುದಿಲ್ಲ.

ಇದು ಕನ್ನಡಿಗರಿಗೆ ವಿಶೇಷವಾಗಿ ಲಜ್ಜೆಯ ಸಂಗತಿ. ಕೈದಾಳದ ಗುಡಿ ಎದ್ದ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಬಾಳಿದವರ ಹೆಸರುಗಳನ್ನು ನೆನೆಯಿರಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ. ಉದ್ಯೋಗ ಅವರಿಗೆ ಹೆಸರಿನ ಮೊದಲ ಪದ. ಕೆಲಸವನ್ನು ಬಿಟ್ಟು ಮನುಷ್ಯನನ್ನು ಅರಿಯಲಾಗದು ಎಂಬುದನ್ನು ಅಷ್ಟು ಹಿಂದೆಯೇ ತಿಳಿದ ಭಾಷೆ ನಮ್ಮದು. ವರ್ಷವರ್ಷವೂ ಕಾಯಕದ ಹಿರಿಮೆಯನ್ನು ಕುರಿತು ತರಗತಿಯಲ್ಲಿ ಉಪನ್ಯಾಸ ಕೊಡುವ ನಾನು, ಎದುರಿಗೆ ಕುಳಿತ ಹುಡುಗನ ತಂದೆಯ ಕಾಯಕವೇನೆಂದು ಕೇಳಲು ಮೂರು ಅರ್ಜಿಗಳು ಬೇಕಾದುವು.

ಪ್ರಶ್ನೆ ಕೇಳಿದ ಮೇಲೆ ವೈದ್ಯರ ಹೊಣೆ ಇನ್ನೂ ಒಂದುಂಟು. ಗೊತ್ತಾದ ಉದ್ಯೋಗಜನ್ಯ ರೋಗವನ್ನು ಕಾರ್ಖಾನೆಗಳ ಅಧಿಕಾರಿಗೆ ತಿಳಿಸುವುದು ೧೯೪೮ರ ಕಾರ್ಖಾನೆಗಳ ಕಾಯಿದೆಯಿಂದಲೂ ಕಡ್ಡಾಯ. ಅದರ ಬದಲು ಬಂದ ಸಂಹಿತೆಯಲ್ಲಿಯೂ ಆ ಹೊಣೆ ಉಳಿದಿದೆ. ಕಲ್ನಾರು ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೯೫ರಲ್ಲಿ, ಕೆಲಸಗಾರನ ಆರೋಗ್ಯವು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ತೀರ್ಪಿತ್ತಿತು. ಪ್ರತಿಯೊಬ್ಬ ಕಲ್ನಾರು ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ೪೦ ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ ೧೫ ವರ್ಷ, ಇವುಗಳಲ್ಲಿ ಯಾವುದು ತಡವೋ ಅದುವರೆಗೆ ಇಡಬೇಕೆಂದೂ ಆಜ್ಞಾಪಿಸಿತು. ನಿಧಾನವಾಗಿ ಬರುವ ರೋಗಕ್ಕೆ ದೀರ್ಘವಾದ ನೆನಪು ಬೇಕೆಂಬುದನ್ನು ನ್ಯಾಯಾಲಯ ಅರಿತಿತ್ತು. ರಾಜಸ್ಥಾನ ಸರ್ಕಾರವು ೨೦೧೯ರಲ್ಲಿ ಸಿಲಿಕೋಸಿಸ್ ರೋಗಿಗಳಿಗಾಗಿ ಒಂದು ನೀತಿಯನ್ನೇ ರೂಪಿಸಿ, ರೋಗ ದೃಢಪಟ್ಟಾಗ ೩ ಲಕ್ಷ, ಮರಣಾನಂತರ ಕುಟುಂಬಕ್ಕೆ ೨ ಲಕ್ಷ ರೂಪಾಯಿ ಕೊಡುವ ಏರ್ಪಾಡು ಮಾಡಿತು. ಮಾಲೀಕನನ್ನು ಗುರುತಿಸಲಾಗದ ಕಡೆ ಕೆಲಸಗಾರನು ಬರಿಗೈಯಲ್ಲಿ ಹೋಗಬಾರದೆಂಬ ವಿವೇಕ ಅದರಲ್ಲಿದೆ. ಈ ರೋಗದ ಲೆಕ್ಕವನ್ನು ದೇಶಕ್ಕೆ ಮೊದಲು ಕೊಟ್ಟ ನಾಡು ಈ ದಾರಿಯಲ್ಲಿ ಹಿಂದೆ ಬೀಳುವುದು ಚೆನ್ನಲ್ಲ.

ಪರಿಹಾರ

ಕನ್ನಡದಲ್ಲಿ 'ಪರಿಹಾರ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಕೇಡನ್ನು ಹೋಗಲಾಡಿಸುವುದು ಒಂದು. ಆದ ಕೇಡಿಗೆ ಬದಲಾಗಿ ಹಣ ಕೊಡುವುದು

ಮತ್ತೊಂದು. ಎರಡನೆಯದು ಸಿಕ್ಕಿತೆಂದು ಮೊದಲನೆಯದನ್ನು ಮರೆಯಬಾರದು. ನೀರು ಹಾಯಿಸುತ್ತ ಕುಯ್ಯುವುದು, ಧೂಳೇಳುವ ಬಾಯಲ್ಲಿಯೇ ಅದನ್ನು ಹೀರುವ ಯಂತ್ರವಿಡುವುದು, ವರ್ಷಕ್ಕೊಮ್ಮೆ ಎದೆಯ ಚಿತ್ರ ತೆಗೆಸುವುದು, ಇವು ಹದಿನೈದು ಲಕ್ಷಕ್ಕಿಂತ ಅಗ್ಗ. ಮೂಗಿಗೆ ಕಟ್ಟಿದ ಬಟ್ಟೆಯ ತುಂಡು ಈ ಸಣ್ಣ ಕಣವನ್ನು ತಡೆಯಲಾರದು. ಅದು ಕಟ್ಟಿಕೊಂಡವನಿಗೆ ಸಮಾಧಾನ ಮಾತ್ರ.

ನಮ್ಮಂತಹ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಆದರೆ ನಮಗೆ ಬರೆಯಲು ಬರುತ್ತದೆ. ಯಾವ ವರ್ಷ, ಯಾವ ಷೆಡ್ಡು, ಯಾವ ಕೆಲಸ, ಎಷ್ಟು ಕೂಲಿ, ಜೊತೆಗಾರರು ಯಾರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ತಾರೀಖು ಹಾಕಿ, ಒಂದು ನೋಟುಪುಸ್ತಕದಲ್ಲಿ ಬರೆದಿಡುವುದಕ್ಕೆ ಪಾಂಡಿತ್ಯ ಬೇಕಿಲ್ಲ. ಹಳೆಯ ಚೀಟಿಗಳನ್ನು, ಕ್ಷ-ಕಿರಣದ ಚಿತ್ರಗಳನ್ನು ಎಸೆಯದೆ ಕಟ್ಟಿಡಬೇಕು. ಆಸ್ಪತ್ರೆಯಲ್ಲಿ ಕೇಳದಿದ್ದರೂ ಉದ್ಯೋಗವನ್ನು ತಾವಾಗಿ ಹೇಳಿ ಬರೆಯಿಸಬೇಕು. ಮುಂದೆ ಅದೇ ಸಾಕ್ಷಿಯಾಗಬಹುದು.

ಆ ಹುಡುಗ ಹಾಗೆಯೇ ಮಾಡಿದನು. ಹದಿನಾರು ವರ್ಷದ ಕೆಲಸವನ್ನು ತಂದೆ ನಿಲ್ಲಿಸಿ ನಿಲ್ಲಿಸಿ ಹೇಳಿದರು; ಮಗ ಹನ್ನೊಂದು ಪುಟ ಬರೆದನು. ಜೊತೆಯಲ್ಲಿ ದುಡಿದ ಇಬ್ಬರು ಸಾಕ್ಷಿ ಹೇಳಲು ಒಪ್ಪಿದರು. ಮೂರನೆಯವರು ಇನ್ನೂ ಅಲ್ಲಿಯೇ ಕೆಲಸದಲ್ಲಿದ್ದುದರಿಂದ ಒಪ್ಪಲಿಲ್ಲ, ಅವರನ್ನು ಯಾರೂ ದೂರಲಿಲ್ಲ. ವಕೀಲರೊಬ್ಬರು ಶುಲ್ಕವನ್ನು ಆಮೇಲೆ ನೋಡೋಣವೆಂದು ಅರ್ಜಿ ಹಾಕಿದರು. ಎದುರಿನ ಪಕ್ಷದವರು ಆ ರುಜುವಿನ ಕಾಗದವನ್ನು ಹಾಜರುಪಡಿಸಿದರು. ನಮ್ಮ ವಕೀಲರು ೧೭ನೆಯ ಕಲಮನ್ನು ಓದಿದರು. ತೀರ್ಪು ಇನ್ನೂ ಬಂದಿಲ್ಲ.

ಅರ್ಜಿಯ ಕರಡನ್ನು ಹುಡುಗ ನನಗೆ ತೋರಿಸಿದ್ದನು. ಎರಡು ಕಡೆ ಕಾಗುಣಿತದ ತಪ್ಪಿತ್ತು. ಈ ಸಲ ಮೊದಲಿನಿಂದ ಕಡೆಯವರೆಗೂ ಓದಿ ಮುಗಿಸಿ, ಆಮೇಲೆ ತಿದ್ದಿದೆ.

ಕಳೆದ ಮಾಘದಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಕೈದಾಳಕ್ಕೆ ಹೋಗಿದ್ದೆ. ಕಥೆಯನ್ನು ಎಂದಿನಂತೆ ಹೇಳಿದೆ. ದೇವರು ಕೈ ಕೊಟ್ಟದ್ದು ಗುಡಿ ಕಟ್ಟಿ ಮುಗಿದ ಮೇಲೆ ತಾನೆ, ಅಲ್ಲಿಯವರೆಗೆ ಆ ಶಿಲ್ಪಿ ಒಂದೇ ಕೈಯಲ್ಲಿ ಕೆಲಸ ಮಾಡಿದನೇ ಎಂದು ಹುಡುಗಿಯೊಬ್ಬಳು ಕೇಳಿದಳು. ಇಷ್ಟು ವರ್ಷ ಈ ಕಥೆಯನ್ನು ಹೇಳುತ್ತ ಬಂದ ನನಗೆ ಆ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಹೌದಮ್ಮ, ಹಾಗೆಯೇ ಮಾಡಿರಬೇಕು ಎಂದೆ.